ಕೇಸ್ ಶೀಟಿಗೆ ಬಾರದ ಮಾತು

(ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಊರಿನ ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ‘ವೈದ್ಯಕೀಯ ದಾಖಲೆಗಳ ಗೋಪ್ಯತೆ’ ಎಂದು ಅಚ್ಚಾಗಿದೆ. ಅದನ್ನು ಓದಿ, ಕಂಪ್ಯೂಟರಿಗೆ ಕನ್ನ ಹಾಕುವ ಕಳ್ಳರ ಕಥೆ ಕೇಳಬಹುದು ಅಂತ ಕೆಲವರು ಬಂದಿರಬೇಕು. ಅದಕ್ಕೂ ಬರೋಣ. ಮೊದಲು ಲ್ಯಾಬ್ ಕಿಟಕಿಯ ಹತ್ತಿರ ಹೋಗೋಣ. ಮಧ್ಯಾಹ್ನ ಹನ್ನೆರಡಾದ ಮೇಲೆ ಅನೇಕ ಆಸ್ಪತ್ರೆಗಳಲ್ಲಿ ಕಿಟಕಿಯ ಕಟ್ಟೆ ಮೇಲೆ ರಿಪೋರ್ಟುಗಳ ಕಟ್ಟು ಇಟ್ಟಿರುತ್ತಾರೆ, ಹಾರಿಹೋಗದ ಹಾಗೆ ಮೇಲೊಂದು ಭಾರ. ‘ನಿಮ್ದು ನೀವೇ ಹುಡುಕ್ಕೊಳ್ಳಿ’ ಅಂತಾರೆ. ತನ್ನ ಚೀಟಿ ಹುಡುಕುವವನು ಇನ್ನೂ ಇಪ್ಪತ್ತು ಜನರ ಹೆಸರು, ವಯಸ್ಸು, ಫಲಿತಾಂಶ ಓದಿಕೊಂಡೇ ತನ್ನದಕ್ಕೆ ಬರುತ್ತಾನೆ. ಊರು ಚಿಕ್ಕದು. ಆ ಇಪ್ಪತ್ತರಲ್ಲಿ ನಾಲ್ವರು ಪರಿಚಯದವರು, ಒಬ್ಬರು ನೆಂಟರು.

ಇದರಿಂದ ಮರ್ಯಾದೆ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹೇಳಬೇಕೆಂದಿರುವುದು ಅದರ ಮುಂದಿನದು. ಆ ಕಿಟಕಿಯ ಮುಂದೆ ನಿಂತವನಿಗೆ, ಈ ಕಟ್ಟಡದೊಳಗೆ ಹೇಳಿದ್ದು ಇಲ್ಲೇ ಉಳಿಯುವುದಿಲ್ಲ ಎಂಬುದು ಮನವರಿಕೆಯಾಗುತ್ತದೆ. ಮುಂದಿನ ಸಲ ಡಾಕ್ಟರ ಎದುರು ಕೂತಾಗ ಅವನು ಆರಿಸಿ ಹೇಳುತ್ತಾನೆ. ನಾವು ಅವನು ಹೇಳಿದಷ್ಟನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತೇವೆ. ಅಲ್ಲಿಗೆ ದಾಖಲೆ ಸುಳ್ಳಾಯಿತು. ಆ ಸುಳ್ಳು ದಾಖಲೆಯನ್ನು ನಂಬಿ ಔಷಧ ಕೊಡುವವರು ನಾವೇ. ಗೋಪ್ಯತೆಯನ್ನು ವಕೀಲರ ವಿಷಯ ಅಂತ ತಿಳಿದವರು ಬಹಳ ಮಂದಿ. ನನ್ನ ಮಟ್ಟಿಗೆ ಅದು ಚಿಕಿತ್ಸೆಯ ವಿಷಯ, ರಕ್ತದೊತ್ತಡ ನೋಡುವಷ್ಟೇ ಮುಖ್ಯವಾದದ್ದು.

ಮೂಳೆ ಮುರಿದು ವಾರ್ಡಿಗೆ ಸೇರುವ ಗಂಡಸರನ್ನು ತೆಗೆದುಕೊಳ್ಳಿ. ‘ಕುಡೀತೀರಾ?’ ಅಂತ ಕೇಳುವುದು ಎಲ್ಲರೆದುರಿಗೆ. ಪಕ್ಕದಲ್ಲಿ ಅಪ್ಪ, ಬೀಗರು, ಊರಿನ ನಾಲ್ಕು ಜನ. ಅವನು ‘ಇಲ್ಲ ಸಾರ್, ಯಾವಾಗಲೋ ಹಬ್ಬಕ್ಕೆ’ ಅಂತಾನೆ. ಶೀಟಿನಲ್ಲಿ ‘ಅಭ್ಯಾಸವಿಲ್ಲ’ ಎಂದು ಬರೆದಾಯಿತು. ಎರಡನೇ ದಿನ ಕೈ ನಡುಕ, ಬೆವರು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಎಂದು ಎದ್ದು ಓಡಲು ನೋಡುತ್ತಾನೆ. ಕಾಲಿಗೆ ಹಾಕಿದ ಕಟ್ಟಿನ ಪರಿವೆಯೂ ಇರುವುದಿಲ್ಲ. ದಿನಾ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನದೊಳಗೆ ಹೀಗಾಗಬಹುದು, ಪ್ರಾಣಕ್ಕೂ ಅಪಾಯ. ಮೊದಲ ದಿನವೇ ತಿಳಿದಿದ್ದರೆ ಥಯಮಿನ್ ಎಂಬ ಬಿ1 ಜೀವಸತ್ವ ಮತ್ತು ನರಗಳನ್ನು ಶಾಂತಗೊಳಿಸುವ ಔಷಧ ಶುರು ಮಾಡಿ ಬಹುಪಾಲು ತಡೆಯಬಹುದು. ನರ್ಸಿಂಗ್ ಮಕ್ಕಳೇ, ಈ ರೋಗಿಯನ್ನು ನೀವು ಖಂಡಿತ ನೋಡುತ್ತೀರಿ. ಅವನು ಸುಳ್ಳು ಹೇಳಿದ ಎಂದು ಬೈಯುವ ಮೊದಲು, ಪ್ರಶ್ನೆ ಕೇಳಿದ್ದು ಎಲ್ಲಿ, ಯಾರೆದುರು ಅಂತ ಯೋಚಿಸಿ.

ಇನ್ನೊಂದು ಇನ್ನೂ ಸೂಕ್ಷ್ಮ. ಬಸುರಿ ಹೆಂಗಸು ಅತ್ತೆಯ ಜೊತೆ ತಪಾಸಣೆಗೆ ಬಂದಿದ್ದಾಳೆ. ರಕ್ತದ ಗುಂಪು ಆರ್‌ಎಚ್ ನೆಗೆಟಿವ್. ‘ಇದು ಎಷ್ಟನೇದು?’ ಎಂದರೆ ಅತ್ತೆಯೇ ‘ಮೊದಲ್ನೇದು’ ಅಂತಾರೆ. ಮದುವೆಗೆ ಮುಂಚೆ ಗರ್ಭಪಾತ ಆಗಿದ್ದರೆ ಆ ಹುಡುಗಿ ಅಲ್ಲಿ ಬಾಯಿ ಬಿಡುತ್ತಾಳೆಯೇ? ತಾಯಿಯ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಆಗ ಕೊಟ್ಟಿದ್ದರೋ ಇಲ್ಲವೋ ಎನ್ನುವುದರ ಮೇಲೆ ಈಗಿನ ಮಗುವಿನ ರಕ್ತದ ಗತಿ ನಿಂತಿರಬಹುದು. ಅತ್ತೆಯವರನ್ನು ‘ಸ್ವಲ್ಪ ಹೊರಗಡೆ ಕೂತಿರಿ ಅಮ್ಮ, ಪರೀಕ್ಷೆ ಮಾಡಬೇಕು’ ಎನ್ನಲು ಅರ್ಧ ನಿಮಿಷ ಸಾಕು. ನಮ್ಮ ಓಪಿಡಿಗಳಲ್ಲಿ ಅರ್ಧ ನಿಮಿಷವೂ ದುಬಾರಿ ಎಂಬುದು ನನಗೆ ಗೊತ್ತು. ಆದರೂ ಹೇಳುತ್ತಿದ್ದೇನೆ.

ಗರ್ಭಪಾತದ ಮಾತು ಬಂತಲ್ಲ. ಗೋಪ್ಯತೆ ಎಂದರೆ ಏನೋ ಹೊಸ ಡಿಜಿಟಲ್ ಸಂಗತಿ ಎಂದುಕೊಂಡವರು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಕೆಳಗೆ ಬಂದ ನಿಯಮಾವಳಿಗಳನ್ನು ಒಮ್ಮೆ ಓದಬೇಕು. ದಾಖಲಾತಿ ರಿಜಿಸ್ಟರ್ ಒಂದರಲ್ಲಿ ಮಾತ್ರ ಹೆಸರು. ಅದೂ ರಹಸ್ಯ ದಾಖಲೆ, ಆಸ್ಪತ್ರೆಯ ಮುಖ್ಯಸ್ಥರ ಸುಪರ್ದಿಯಲ್ಲಿ. ಪ್ರತಿ ವರ್ಷ ಒಂದರಿಂದ ಶುರುವಾಗುವ ಕ್ರಮಸಂಖ್ಯೆ, ಪಕ್ಕದಲ್ಲಿ ಇಸವಿ. ಕೇಸ್ ಶೀಟು, ಆಪರೇಷನ್ ಥಿಯೇಟರ್ ರಿಜಿಸ್ಟರು, ಮುಂದಿನ ತಪಾಸಣೆಯ ಕಾರ್ಡು ಎಲ್ಲದರಲ್ಲೂ ಹೆಸರಿನ ಬದಲು ಆ ಸಂಖ್ಯೆಯೇ ಇರಬೇಕು. ಒಪ್ಪಿಗೆ ಪತ್ರ ಲಕೋಟೆಯೊಳಗೆ, ಲಕೋಟೆಗೆ ಮೊಹರು, ಮೇಲೆ ‘ರಹಸ್ಯ’ ಎಂಬ ಗುರುತು. ಕೊನೆಯ ನಮೂದಾಗಿ ಐದು ವರ್ಷ ಕಳೆದರೆ ರಿಜಿಸ್ಟರನ್ನು ನಾಶ ಮಾಡಬೇಕು. ಸಾಫ್ಟ್‌ವೇರಿನವರು ಇವತ್ತು ದೊಡ್ಡ ದೊಡ್ಡ ಹೆಸರಿಟ್ಟು ಮಾರುವುದೆಲ್ಲ ಇದರಲ್ಲಿದೆ: ಹೆಸರು ಬೇರೆ ಮಾಡುವುದು, ಕೀಲಿಕೈ ಒಬ್ಬರ ಹತ್ತಿರ ಇರುವುದು, ಕೆಲಸ ಮುಗಿದ ಮೇಲೆ ಅಳಿಸುವುದು. ಬೇಕಾಗಿದ್ದದ್ದು ಒಂದು ಲಕೋಟೆ, ಒಂದಿಷ್ಟು ಅರಗು. ಇದನ್ನು ಬರೆದ ಗುಮಾಸ್ತರು ಯಾರೋ, ಅವರಿಗೆ ನಮ್ಮ ಊರುಗಳ ಸ್ವಭಾವ ಚೆನ್ನಾಗಿ ತಿಳಿದಿತ್ತು. ಗುಟ್ಟು ಉಳಿಯುವುದಿಲ್ಲ ಅಂತಾದರೆ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುವುದಿಲ್ಲ, ನಾಟಿ ಕಡ್ಡಿ ಹಾಕುವವರ ಹತ್ತಿರ ಹೋಗುತ್ತಾರೆ ಎಂಬ ಭಯದಿಂದಲೇ ಇಷ್ಟು ಬಿಗಿ. 2021ರ ತಿದ್ದುಪಡಿ ಇನ್ನಷ್ಟು ಬಿಗಿ ಮಾಡಿತು; ಹೆಸರು ಹೊರಗೆಡಹಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಗಂಟು ಬಿಡಿಸಿತು. ಹದಿನೆಂಟು ತುಂಬದ ಹುಡುಗಿ ಬಸುರಾಗಿ ಬಂದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸುತ್ತಾರೆ ಎಂಬ ಹೆದರಿಕೆಗೆ ಅವಳು ಬರುವುದೇ ಇಲ್ಲ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಎಂದಿತು ಕೋರ್ಟು.

ಎಚ್‌ಐವಿಯ ಕಥೆ ಉದ್ದ. 1998ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣ ತೀರ್ಮಾನಿಸಿತು, ಕಾನೂನು ಪುಸ್ತಕಗಳಲ್ಲಿ ‘ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್’ ಅಂತ ಇದೆ. ಒಬ್ಬರು ರೋಗಿಗೆ ರಕ್ತ ಕೊಡಲು ಆಸ್ಪತ್ರೆಗೆ ಹೋದರು. ಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ತಿಳಿಯಿತು. ಸುದ್ದಿ ಆಸ್ಪತ್ರೆಯಿಂದ ಹೊರಬಿತ್ತು, ನಿಶ್ಚಯವಾಗಿದ್ದ ಮದುವೆ ಮುರಿಯಿತು, ಸಮುದಾಯ ದೂರವಿಟ್ಟಿತು, ಆತ ಊರು ಬಿಟ್ಟರು. ಕೋರ್ಟು ಅವರ ಪರ ನಿಲ್ಲಲಿಲ್ಲ. ಮದುವೆಯಾಗಲಿದ್ದ ಹೆಣ್ಣಿನ ಜೀವಕ್ಕೆ ಅಪಾಯವಿತ್ತು, ಆದ್ದರಿಂದ ಗೋಪ್ಯತೆ ಮುರಿದದ್ದು ತಪ್ಪಲ್ಲ ಎಂದಿತು. ಅಷ್ಟಕ್ಕೇ ನಿಲ್ಲದೆ ಇಂಥವರಿಗೆ ಮದುವೆಯ ಹಕ್ಕೇ ಇಲ್ಲ ಎಂಬಂಥ ಮಾತುಗಳನ್ನೂ ಬರೆಯಿತು. ಆ ಮಾತುಗಳು ಅನಗತ್ಯವಾಗಿದ್ದವು ಎಂದು 2002ರಲ್ಲಿ ಅದೇ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಬೇಕಾಯಿತು. ಹೆಣ್ಣಿಗೆ ತಿಳಿಯಬೇಕಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವಳೊಬ್ಬಳಿಗೆ ತಿಳಿಸುವುದಕ್ಕೂ ಊರಿಗೆಲ್ಲ ತಿಳಿಯುವುದಕ್ಕೂ ನಡುವೆ ದೊಡ್ಡ ಅಂತರವಿದೆ. ತೀರ್ಪಿನಲ್ಲಿ ಆ ಅಂತರಕ್ಕೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಾನೂನು ವರದಿಗಳಲ್ಲಿ ಅವರ ಹೆಸರು ‘ಎಕ್ಸ್’ ಎಂದಷ್ಟೇ ಉಳಿಯಿತು. ಗೊತ್ತಾಗಬಾರದಿದ್ದ ಜಾಗದಲ್ಲಿ ಅದಾಗಲೇ ಎಲ್ಲರಿಗೂ ಗೊತ್ತಾಗಿತ್ತು.

ಆ ಅಂತರವನ್ನು ತುಂಬಿದ್ದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ರೋಗಿಯ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಯಾರಿಗೂ ಹೇಳುವಂತಿಲ್ಲ. ಸಂಗಾತಿಗೆ ಹೇಳಲೇಬೇಕಾದ ಸಂದರ್ಭ ಬಂದರೆ ಅದಕ್ಕೆ ಮೆಟ್ಟಿಲುಗಳಿವೆ. ಸಂಗಾತಿಗೆ ನಿಜವಾದ ಅಪಾಯವಿದೆ ಎಂದು ವೈದ್ಯರಿಗೆ ಅನಿಸಬೇಕು. ‘ನೀವೇ ಹೇಳಿ’ ಎಂದು ರೋಗಿಗೆ ಬುದ್ಧಿ ಹೇಳಿರಬೇಕು. ಅವನು ಹೇಳುವುದಿಲ್ಲ ಎಂಬುದು ಖಚಿತವಾಗಬೇಕು. ‘ಹಾಗಾದರೆ ನಾನು ಹೇಳುತ್ತೇನೆ’ ಎಂದು ಅವನಿಗೆ ಮೊದಲು ತಿಳಿಸಬೇಕು. ಆಮೇಲೆ ಸಂಗಾತಿಯನ್ನು ಎದುರಿಗೆ ಕೂರಿಸಿ, ಆಪ್ತ ಸಮಾಲೋಚನೆಯೊಂದಿಗೆ ಹೇಳಬೇಕು. ಫೋನಿನಲ್ಲಿ, ಅತ್ತಿಗೆಯ ಕಿವಿಯಲ್ಲಿ, ಊರಿನ ಹಿರಿಯರ ಮೂಲಕ ನಡೆಯುವುದಿಲ್ಲ.

ಕಾಯ್ದೆ ಹೀಗಿದ್ದರೂ ಜನರ ಹೆದರಿಕೆ ಹೋಗಿದೆಯೇ? ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ತಮ್ಮ ಊರಿನ ಹತ್ತಿರದ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಬಸ್ ಹಿಡಿದು ಬಂದವರು ಸಿಗುತ್ತಾರೆ. ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕವನ್ನು ಸೀರೆಯ ಮಡಿಕೆಯೊಳಗೆ ಇಡುವವರಿದ್ದಾರೆ. ಮಾತ್ರೆ ಡಬ್ಬಿಯ ಮೇಲಿನ ಚೀಟಿ ಕಿತ್ತು, ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿದುಕೊಂಡು ಹೋಗುವವರಿದ್ದಾರೆ. ಆರು ತಿಂಗಳಾದ ಮೇಲೆ ಅದೇ ವ್ಯಕ್ತಿ ಕೆಮ್ಮು, ಜ್ವರ ಎಂದು ಊರಿನ ಆಸ್ಪತ್ರೆಗೆ ಬರುತ್ತಾರೆ. ಕಫದಲ್ಲಿ ಕ್ಷಯ. ‘ಬೇರೆ ಏನಾದರೂ ಮಾತ್ರೆ ತಗೋತಿದ್ದೀರಾ?’ ‘ಇಲ್ಲ.’ ಕ್ಷಯದ ರಿಫಾಂಪಿಸಿನ್ ಶುರುವಾಗುತ್ತದೆ. ಆ ರಿಫಾಂಪಿಸಿನ್, ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್‌ನ ಮಟ್ಟವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಎರಡೂ ಒಟ್ಟಿಗೆ ನಡೆಯುವಾಗ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಿಸಬೇಕು. ಆ ಒಂದು ‘ಇಲ್ಲ’ದಿಂದ ಮಾತ್ರೆ ಸೇರುವುದಿಲ್ಲ. ಕ್ಷಯ ರೋಗಿಗಳಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಬೇಕೆಂಬ ಪದ್ಧತಿ ಇರುವುದರಿಂದ ಎಷ್ಟೋ ಜನ ಅಲ್ಲಿ ಸಿಕ್ಕಿಬೀಳುತ್ತಾರೆ, ಪುಣ್ಯ. ಆದರೆ ಸಿಕ್ಕಿಬಿದ್ದಂತೆ ಅನಿಸುವ ಜಾಗ ಆಸ್ಪತ್ರೆ ಆಗಬಾರದಿತ್ತು.

ಕೋವಿಡ್ ಕಾಲವನ್ನು ಎಲ್ಲರೂ ನೋಡಿದ್ದೀರಿ, ಜಾಸ್ತಿ ಹೇಳುವುದಿಲ್ಲ. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನೇ ಸರ್ಕಾರ ಪ್ರಕಟಿಸಿತು. ಪಟ್ಟಿ ವಾಟ್ಸಾಪಿನಲ್ಲಿ ಓಡಾಡಿತು. ಕೈಗೆ ಶಾಯಿಯ ಮುದ್ರೆ. ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕೇಳುವ ‘ಕ್ವಾರಂಟೈನ್ ವಾಚ್’ ಆಪ್. ಅಧಿಕಾರಿಗಳಿಗೆ ಆಗ ಗಾಬರಿಯಿತ್ತು, ರೋಗ ಹೊಸದು, ಅದನ್ನು ಮರೆತು ಮಾತಾಡಬಾರದು. ಆದರೂ ಬಾಗಿಲಿಗೆ ಬ್ಯಾರಿಕೇಡ್ ಬೀಳುತ್ತದೆ, ಹಾಲಿನವನೂ ಬರುವುದಿಲ್ಲ ಎಂದು ಕಂಡವರು ಮೈ ಬಿಸಿಯಾದರೆ ‘ಸುಮ್ಮನೆ ಶೀತ’ ಎಂದು ಮನೆಯಲ್ಲೇ ಉಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಸಾಂಕ್ರಾಮಿಕ ರೋಗದಲ್ಲಿ ಗೋಪ್ಯತೆ ಪಕ್ಕಕ್ಕಿಡಿ ಅನ್ನುವವರಿಗೆ ನನ್ನ ಉತ್ತರ ಇದೇ: ಅಲ್ಲಿಯೇ ಅದು ಹೆಚ್ಚು ಬೇಕು. ಆರೋಗ್ಯ ಇಲಾಖೆಗೆ ವರದಿ ಹೋಗಲಿ. ಇಲಾಖೆಗೆ ಹೋಗಬೇಕಾದದ್ದು ಬೀದಿಗೆ ಬರಬಾರದು.

ಸರಿ, ಕಂಪ್ಯೂಟರು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರುಗಳ ಮೇಲೆ ದಾಳಿಯಾಯಿತು. ಕಡತಗಳಿಗೆಲ್ಲ ಬೀಗ ಬಿತ್ತು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಎಷ್ಟೋ ದಿನ ಓಪಿಡಿ, ದಾಖಲಾತಿ, ಲ್ಯಾಬು ಎಲ್ಲವನ್ನೂ ಕಾಗದದ ಮೇಲೆ ನಡೆಸಿತು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಫಿನ್‌ಲೆಂಡಿನ ವಸ್ತಾಮೊ ಪ್ರಕರಣ. ಅದು ದೇಶದ ತುಂಬ ಶಾಖೆಗಳಿದ್ದ ಮನೋಚಿಕಿತ್ಸೆಯ ಸಂಸ್ಥೆ. ಸುಮಾರು 33,000 ಜನರ ದಾಖಲೆಗಳು ಕಳುವಾದವು, ಚಿಕಿತ್ಸಕರು ಬರೆದುಕೊಂಡಿದ್ದ ಟಿಪ್ಪಣಿಗಳ ಸಮೇತ. ಸಂಸ್ಥೆಯನ್ನು ಹೆದರಿಸಿದರೂ ಹಣ ಬರದಾಗ ಕಳ್ಳ 2020ರ ಅಕ್ಟೋಬರಿನಲ್ಲಿ ರೋಗಿಗಳಿಗೇ ಇಮೇಲ್ ಕಳಿಸಿದ: 200 ಯೂರೋ ಕೊಡಿ, ಇಲ್ಲವಾದರೆ ನೀವು ಕೋಣೆಯೊಳಗೆ ಹೇಳಿಕೊಂಡದ್ದನ್ನು ಜಗತ್ತು ಓದುತ್ತದೆ. ಸಂಸ್ಥೆ ದಿವಾಳಿಯಾಯಿತು. 2024ರಲ್ಲಿ ಅಪರಾಧಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಬ್ಯಾಂಕಿನ ಪಾಸ್‌ವರ್ಡು ಕಳುವಾದರೆ ಬದಲಾಯಿಸಬಹುದು. ಬಾಲ್ಯದಲ್ಲಿ ಮನೆಯಲ್ಲಿ ಏನಾಯಿತು ಎಂದು ಒಬ್ಬಾಕೆ ಹೇಳಿಕೊಂಡದ್ದನ್ನು ಬದಲಾಯಿಸಲು ಬರುವುದಿಲ್ಲ.

ಹಾಗಂತ ನಾನು ಕಾಗದದ ಪಕ್ಷಪಾತಿಯಲ್ಲ. ಗೆದ್ದಲು ಹಿಡಿದ ರೆಕಾರ್ಡ್ ರೂಮುಗಳನ್ನು ನೋಡಿದವನಿಗೆ ಆ ಭ್ರಮೆ ಇರುವುದಿಲ್ಲ. ಕಾಗದದ ಫೈಲಿಗೆ ಒಂದು ದೊಡ್ಡ ದೋಷವಿದೆ: ಅದನ್ನು ಯಾರು ಯಾವಾಗ ತೆರೆದು ಓದಿದರು ಎಂಬುದು ಎಂದಿಗೂ ತಿಳಿಯುವುದಿಲ್ಲ. ಕಂಪ್ಯೂಟರ್ ಅದನ್ನು ಹೇಳಬಲ್ಲದು, ಹೇಳಿಸುವ ಮನಸ್ಸಿದ್ದರೆ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2008ರ ಕೊನೆಯಿಂದ ರಾಷ್ಟ್ರಮಟ್ಟದ ಆರೋಗ್ಯ ದಾಖಲೆ ವ್ಯವಸ್ಥೆಯಿದೆ. ಅಲ್ಲಿ ರೋಗಿ ತನ್ನ ಖಾತೆ ತೆರೆದರೆ ಯಾವ ವೈದ್ಯರು, ಯಾವ ಸಿಬ್ಬಂದಿ ತನ್ನ ದಾಖಲೆ ನೋಡಿದರು ಎಂಬ ಪಟ್ಟಿಯೇ ಕಾಣುತ್ತದೆ. ಕೆಲಸವಿಲ್ಲದೆ ಇಣುಕಿದವರನ್ನು ಪ್ರಶ್ನಿಸಬಹುದು. ಬೇಡವಾದ ದಾಖಲೆಯನ್ನು ಇತರರಿಗೆ ಕಾಣದಂತೆ ಮುಚ್ಚಲೂ ಬಹುದು.

ನಮ್ಮಲ್ಲಿ 2021ರ ಸೆಪ್ಟೆಂಬರಿನಿಂದ ದೇಶದಾದ್ಯಂತ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನಡೆಯುತ್ತಿದೆ. ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ, ಒಪ್ಪಿಗೆ ಕೊಟ್ಟರಷ್ಟೇ ದಾಖಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ಏರ್ಪಾಡು. ಕಾಗದದ ಮೇಲೆ ಒಳ್ಳೆಯ ಏರ್ಪಾಡೇ. ಸಂಖ್ಯೆ ಮಾಡಿಸುವುದು ಕಡ್ಡಾಯವಲ್ಲ ಎಂಬುದನ್ನೂ ನೆನಪಿಡಿ. ಆದರೆ ಕೌಂಟರಿನಲ್ಲಿ ನಡೆಯುವುದೇನು? ‘ಅಜ್ಜಿ, ಮೊಬೈಲ್ ಕೊಡಿ, ಓಟಿಪಿ ಬಂದಿದ್ಯಾ? ಹೇಳಿ.’ ಅಜ್ಜಿ ಹೇಳಿದರು, ಒಪ್ಪಿಗೆ ಮುಗಿಯಿತು. ಅದು ಒಪ್ಪಿಗೆಯೋ, ಹಿಂದೆ ನಿಂತ ಸಾಲಿನ ಒತ್ತಡವೋ ನೀವೇ ಹೇಳಿ. ಕಾನೂನಿನ ಕಡೆ ನೋಡಿದರೆ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ಅರ್ಜಿಯ ಫಲವಾಗಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ನನಗೆ ಸರಿ ಕಾಣದ್ದು ಒಂದಿದೆ. 2011ರ ಐಟಿ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವಿಂಗಡಣೆಯಿಲ್ಲ. ನೀವು ಅಂಗಡಿಯಲ್ಲಿ ಕೊಟ್ಟ ಫೋನ್ ನಂಬರೂ ನಿಮ್ಮ ಮನೋರೋಗದ ಟಿಪ್ಪಣಿಯೂ ಒಂದೇ ಸಾಲಿನಲ್ಲಿ ನಿಂತಿವೆ.

ಇದರ ನಡುವೆ ಒಂದು ವಿಚಿತ್ರ ನೋಡಿ. ಊರಿಗೆಲ್ಲ ಗೊತ್ತಾಗುವ ದಾಖಲೆ ರೋಗಿಗೆ ಮಾತ್ರ ಸಿಗುವುದಿಲ್ಲ. ‘ಕೇಸ್ ಶೀಟ್ ಕೊಡೋಕೆ ಬರಲ್ಲ, ಆಸ್ಪತ್ರೆದು’ ಎನ್ನುವ ಮಾತು ಎಷ್ಟು ಸಲ ಕೇಳಿಲ್ಲ! ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

ಮನೆಯವರ ವಿಷಯ ಹೇಳದೆ ಹೋದರೆ ಈ ಮಾತು ನಮ್ಮ ಊರಿನದ್ದಾಗುವುದಿಲ್ಲ. ಬಯಾಪ್ಸಿ ರಿಪೋರ್ಟ್ ಬಂದ ದಿನ ಮಗ ಒಬ್ಬನೇ ಬಂದು ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ’ ಅಂತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಆ ಅಪ್ಪ ಹೊಲ, ಸಾಲ, ಮಗಳ ಮದುವೆ ಎಲ್ಲವನ್ನೂ ನಿಭಾಯಿಸಿದ ಮನುಷ್ಯ. ತನ್ನ ದೇಹದ ಸುದ್ದಿ ತನಗೆ ಬಿಟ್ಟು ನೆಂಟರಿಗೆಲ್ಲ ಗೊತ್ತಿದೆ ಎಂಬುದು ಕಿಮೋ ವಾರ್ಡಿನ ಪಕ್ಕದ ಹಾಸಿಗೆಯವರಿಂದ ತಿಳಿದ ದಿನ ಅವನು ಮಗನನ್ನೂ ನಂಬುವುದಿಲ್ಲ, ವೈದ್ಯನನ್ನೂ ನಂಬುವುದಿಲ್ಲ. ನಾನು ಮಗನಿಗೆ ಹೇಳುತ್ತಿದ್ದದ್ದು ಇಷ್ಟು: ಅಪ್ಪನನ್ನೇ ಕೇಳೋಣ, ಎಷ್ಟು ತಿಳಿಯಬೇಕು ಅಂತ. ‘ನನಗೆ ಏನೂ ಬೇಡ, ಮಗನಿಗೆ ಹೇಳಿ’ ಎಂದವರೂ ಇದ್ದಾರೆ. ಅದು ಅವರ ಒಪ್ಪಿಗೆ, ಅದಕ್ಕೆ ಬೆಲೆಯಿದೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ವಿದ್ಯಾರ್ಥಿನಿಯೊಬ್ಬಳು, ಅಪರೂಪದ ಎಕ್ಸ್-ರೇ, ಗಾಯದ ಫೋಟೊಗಳನ್ನು ಕಲಿಯಲು ಗುಂಪಿನಲ್ಲಿ ಹಂಚಿಕೊಳ್ಳುತ್ತೇವೆ, ತಪ್ಪೇ ಎಂದು ಕೇಳಿದಳು. ಕಲಿಯಬೇಕು, ಸರಿ. ಫಿಲ್ಮಿನ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ನಂಬರು ಇರುತ್ತದೆ. ಮುಖ ಮುಚ್ಚಿದರೂ ತೋಳಿನ ಹಚ್ಚೆ ಕಾಣುತ್ತದೆ. ರೋಗಿಯ ಒಪ್ಪಿಗೆ ಪಡೆದು, ಗುರುತೆಲ್ಲ ತೆಗೆದು, ಪಾಠದ ಕೋಣೆಯಲ್ಲಿ ತೋರಿಸಿ. ವೈಯಕ್ತಿಕ ಫೋನಿನಲ್ಲಿ ತೆಗೆದ ಫೋಟೊ ನಿಮ್ಮ ತಮ್ಮನ ಕೈಗೂ ಹೋಗುತ್ತದೆ.

ಎರಡನೆಯದು ಹಿಂದಿನ ಸಾಲಿನಲ್ಲಿದ್ದ ಆಶಾ ಕಾರ್ಯಕರ್ತೆಯದು. ‘ಸಾರ್, ಟಿಬಿ ಪೇಷೆಂಟ್ ಮನೆಗೆ ನಾನು ಹೋದ ಕೂಡಲೇ ಓಣಿಗೆಲ್ಲ ಗೊತ್ತಾಗುತ್ತೆ. ಹೋಗದೆ ಇದ್ದರೆ ಮಾತ್ರೆ ನುಂಗಲ್ಲ. ಏನು ಮಾಡಲಿ?’ ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ವಿಧಿಸುವ ಕಟ್ಟಳೆಗಳಲ್ಲಿ, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದು ಎಂದಿದೆ. ಬಾಯಿ ಮುಚ್ಚಿಕೊಂಡರೂ ಬಾಗಿಲಲ್ಲಿ ನಿಂತದ್ದೇ ಸುದ್ದಿಯಾಗುವ ಸಮಸ್ಯೆಗೆ ಅಲ್ಲಿ ಉತ್ತರವಿಲ್ಲ. ಎಲ್ಲಿ, ಯಾವಾಗ ಭೇಟಿಯಾಗಬೇಕು ಎಂದು ರೋಗಿಯನ್ನೇ ಕೇಳಿ, ಜಗಲಿಯಲ್ಲಿ ನಿಂತು ರೋಗದ ಹೆಸರೆತ್ತಬೇಡಿ, ಬೇಕಾದರೆ ಉಪಕೇಂದ್ರಕ್ಕೆ ಬರಲು ಹೇಳಿ ಎಂದೆ. ಅವರ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಹಿರಿಯ ಆಶಾ ಎದ್ದು ನಿಂತರು. ‘ನಾನು ಆ ಓಣೀಲಿ ಒಂದು ಮನೆಗೆ ಅಂತ ಹೋಗೋದೇ ಇಲ್ಲ ಕಣಮ್ಮ. ಆ ಸಾಲಿನ ಎಲ್ಲಾ ಮನೆಗೂ ಹೋಗ್ತೀನಿ. ಒಂದು ಕಡೆ ಮಗೂ ತೂಕ, ಒಂದು ಕಡೆ ಬಿಪಿ ಮಾತ್ರೆ, ಇನ್ನೊಂದು ಕಡೆ ನೀರಿನ ತೊಟ್ಟಿ ನೋಡೋದು. ಎಲ್ಲರ ಮನೇಲೂ ಬ್ಯಾಗ್ ತೆಗೀತೀನಿ. ಯಾರಿಗೆ ಏನು ಕೊಟ್ಟೆ ಅಂತ ಯಾರಿಗೆ ಗೊತ್ತಾಗುತ್ತೆ?’